ಬುದ್ಧನ ಮಗನನ್ನು ಸಾಕಿದವರು

ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪಿನ ಮೂಟೆ ಹೇರಿದ್ದ ಆಟೊ ಪಕ್ಕದಲ್ಲೇ ಹಾದುಹೋಯಿತು. ಆ ಹಸಿ ವಾಸನೆಗೆ ಕೆಂಚಾರ್ಲಹಳ್ಳಿಯ ನಮ್ಮ ರೇಷ್ಮೆಹುಳುವಿನ ಮನೆ ನೆನಪಾಯಿತು.

ಅಮ್ಮ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾನು ಜೋರಾಗಿ ಪಾಠ ಓದುತ್ತಿದ್ದೆ: ಮಲಗಿದ್ದ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಸಿದ್ಧಾರ್ಥ ಅರಮನೆಯಿಂದ ಹೊರಟ, ಮುಂದೆ ಬುದ್ಧನಾದ. ಅಮ್ಮನ ಕೈ ನಿಂತಿತು. ಅಪ್ಪ ನಮ್ಮನ್ನು ಬಿಟ್ಟು ಸನ್ಯಾಸಿಗಳ ಜೊತೆ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ.

“ಆ ಮಗೂನ ಯಾರು ಸಾಕಿದ್ರಪ್ಪ?” ಎಂದು ಕೇಳಿದಳು.

“ಪಾಠದಲ್ಲಿ ಬರೆದಿಲ್ಲಮ್ಮ.”

“ಬರೆಯಲ್ಲ ಬಿಡು,” ಎಂದವಳು ಮತ್ತೆ ಸೊಪ್ಪು ಹರಡತೊಡಗಿದಳು.

ಅಪ್ಪ ತೀರಿಕೊಂಡರೆಂದು ನಿನ್ನೆ ಆಶ್ರಮದಿಂದ ಫೋನ್ ಬಂತು. ಅಮ್ಮ ಅಳಲಿಲ್ಲ. ತಲೆಗೆ ನೀರು ಹಾಕಿಕೊಂಡು ಬಂದು, ಕನ್ನಡಿಯ ಮುಂದೆ ನಿಂತು, ಎಂದಿನಂತೆ ಕುಂಕುಮ ಇಟ್ಟುಕೊಂಡಳು.