ಅತ್ತೆಯನ್ನು ಊರಿಗೆ ಬಿಡದ ಕೈ

ಎದುರಿನ ಬಿಲ್ಡಿಂಗಿನ ಎರಡನೇ ಮಹಡಿಯ ಗ್ರಿಲ್ಲಿನಲ್ಲಿ ಯಾರೋ ಒಂದು ಜೊತೆ ಬಿಳಿ ಹತ್ತಿಯ ಕೈಗವಸು ಒಣಹಾಕಿದ್ದರು. ಶಾಲೆಯ ಮಕ್ಕಳು ಆಗಸ್ಟ್ ಹದಿನೈದರ ಕವಾಯತಿಗೆ ಹಾಕಿಕೊಳ್ಳುವಂಥವು. ಚಹಾ ಹಿಡಿದು ಕಿಟಕಿಗೆ ಬಂದವಳು ಅದನ್ನೇ ನೋಡುತ್ತ ನಿಂತೆ, ಚಹಾ ಆರಿಹೋಯಿತು. ನಮ್ಮ ಗ್ರಿಲ್ಲಿನಲ್ಲೂ ಕೆಲವು ವರ್ಷ ಇಂಥವೇ ತೂಗಾಡುತ್ತಿದ್ದವು. ಆಗ ನಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಗುವೇನೂ ಇರಲಿಲ್ಲ. ಅವು ನನ್ನವು. ದಿನಾ ಒಗೆದು ಒಣಹಾಕುತ್ತಿದ್ದವರು ನನ್ನ ಅತ್ತೆ.

ನಮ್ಮದು ಡೊಂಬಿವಲಿ ಪೂರ್ವದ ಹಳೆಯ ಸೊಸೈಟಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಎಂ.ಐ.ಡಿ.ಸಿ. ಕಡೆಯಿಂದ ಗಾಳಿ ತಿರುಗಿದರೆ ಕಾರ್ಖಾನೆಯ ಘಾಟು ನೇರ ಅಡುಗೆಮನೆಗೆ ಬರುತ್ತಿತ್ತು. ಮಗಳು ಹುಟ್ಟಿದಾಗ ಬಾಣಂತನ ಮಾಡಲು ತವರಿನಲ್ಲಿ ಯಾರೂ ಇರಲಿಲ್ಲ; ಅಮ್ಮ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಅತ್ತೆ ಮೈಸೂರಿನಿಂದ ಬಂದರು, ಮೂರು ತಿಂಗಳ ಮಟ್ಟಿಗೆ. ಮಾವ ಹೋದಮೇಲೆ ಅವರು ಅಲ್ಲಿ ತಮ್ಮ ಅಕ್ಕನ ಜೊತೆ ಇದ್ದರು. ಅಕ್ಕನಿಗೂ ಗಂಡನಿಲ್ಲ, ಮಕ್ಕಳಂತೂ ಆಗಲೇ ಇಲ್ಲ. ಇಬ್ಬರೂ ಒಟ್ಟಿಗೆ ಕಾಫಿ ಕುಡಿದು, ಒಟ್ಟಿಗೆ ತರಕಾರಿಗೆ ಹೋಗಿ, ದಾರಿಯುದ್ದಕ್ಕೂ ಜಗಳವಾಡಿಕೊಂಡು ವಾಪಸಾಗುತ್ತಿದ್ದರಂತೆ. ಡೊಂಬಿವಲಿಯಲ್ಲಿ ಅತ್ತೆಗೆ ಎಲ್ಲವೂ ಒಗ್ಗಿತು, ಜಗಳಕ್ಕೆ ಮಾತ್ರ ಜನ ಸಿಗಲಿಲ್ಲ. ನಾನು ಜಗಳವಾಡುವ ಸೊಸೆಯಲ್ಲ. ಆಡಿದ್ದರೆ ಅವರು ಬೇಗ ಊರಿಗೆ ಹೋಗುತ್ತಿದ್ದರೋ ಏನೋ…

ಮಗುವಿಗೆ ಎರಡು ತಿಂಗಳು ತುಂಬುವಾಗ ನನ್ನ ಕೈಗೆ ಇಸುಬು ಬಂತು. ಮಗುವಿನ ಬಟ್ಟೆ, ಬಾಟಲಿ, ಸೋಪು, ಬಿಸಿನೀರು, ದಿನವಿಡೀ ಅದೇ. ಮೊದಲು ಬೆರಳ ಸಂದಿಯಲ್ಲಿ ಸಣ್ಣ ನೀರುಗುಳ್ಳೆ, ಆಮೇಲೆ ಕೆರೆತ, ಆಮೇಲೆ ಅಂಗೈ ತುಂಬ ಬಿರುಕು. ಮಗುವಿನ ಕೆನ್ನೆ ಮುಟ್ಟಲೂ ಹಿಂಜರಿಕೆ, ನನ್ನ ಒರಟು ಕೈ ಅದಕ್ಕೆ ಗೀರೀತು ಎಂದು. ಅತ್ತೆ ತಮಗೆ ತಿಳಿದಂತೆ ಬೇವಿನಸೊಪ್ಪು, ಅರಿಸಿನ ಅರೆದು ಹಚ್ಚಿದರು. ಅದು ಬಿರುಕಿಗೆ ಬಿದ್ದು ನಾನು ಕುಣಿದಾಡಿಬಿಟ್ಟೆ. ಅವರು ತಕ್ಷಣ ತೊಳೆದು, ಇನ್ನು ತಮ್ಮ ಮನೆಮದ್ದು ಸಾಕು ಎಂದು ಮಗುವನ್ನು ಹೆಗಲಿಗೆ ಹಾಕಿಕೊಂಡು, ನನ್ನನ್ನು ಸ್ಟೇಷನ್ ಹತ್ತಿರದ ಚರ್ಮದ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು.

ಡಾಕ್ಟರು ಮರಾಠಿಯವರು, ಮಾತು ಕಡಿಮೆ. ಮುಲಾಮು ಕೈ ಕೆರಳಿದಾಗ ಮಾತ್ರ, ಹೇಳಿದಷ್ಟೇ ದಿನ. ಉಳಿದದ್ದೆಲ್ಲ ಮನೆಯಲ್ಲಿ ನೋಡಿಕೊಳ್ಳುವುದರಲ್ಲೇ ಇದೆ ಎಂದರು. ನೀರು, ಸೋಪು, ಈರುಳ್ಳಿ, ಟೊಮೇಟೊ, ಹುಣಿಸೆಯಿಂದ ಕೈ ದೂರ ಇರಬೇಕು. ತೊಳೆದರೆ ಉಗುರುಬೆಚ್ಚಗಿನ ನೀರಲ್ಲಿ. ಒರೆಸಿದ ಕೂಡಲೇ, ಪಸೆ ಆರುವ ಮೊದಲೇ, ಮೇಲೆ ವ್ಯಾಸಲೀನ್. ಮಲಗುವಾಗ ದಪ್ಪಗೆ ಬಳಿದು ಹತ್ತಿಯ ಕೈಗವಸು. ರಬ್ಬರಿನದು ಹಾಕುವುದಾದರೆ ಒಳಗೆ ಹತ್ತಿಯದು ಇರಲೇಬೇಕು. ಅತ್ತೆ ಇದನ್ನೆಲ್ಲ ವ್ರತದ ಹಾಗೆ ಹಿಡಿದರು. ಉಂಗುರದ ಕೆಳಗೆ ಸೋಪು ನಿಲ್ಲುತ್ತದೆಂದು ನನ್ನ ಮದುವೆಯ ಉಂಗುರವನ್ನೂ ಬಿಚ್ಚಿಸಿದರು. ನಾನು ಅನುಮಾನಿಸಿದಾಗ, "ಉಂಗುರ ಡಬ್ಬೀಲಿದ್ರೂ ಗಂಡ ಗಂಡನೇ ಕಣಮ್ಮ, ಎಲ್ಲೂ ಹೋಗಲ್ಲ," ಎಂದರು. ಬಿಳಿ ಕೈಗವಸು ಹಾಕಿಕೊಂಡು ನಾನು ಮಲಗಲು ಹೊರಟರೆ, ದಸರಾ ಬ್ಯಾಂಡಿನವರು ಬಂದರು, ದಾರಿ ಬಿಡಿ ಎಂದು ಅತ್ತೆ ತಮ್ಮ ಮಗನನ್ನು ಎಬ್ಬಿಸುತ್ತಿದ್ದರು.

ಕೈ ಕೆರಳಿದ ದಿನಗಳಲ್ಲಿ ನನಗೆ ಸಾರನ್ನ ಕಲಸಲು ಆಗುತ್ತಿರಲಿಲ್ಲ, ಉಪ್ಪುಹುಳಿ ತಾಗಿದರೆ ಉರಿ. ಚಮಚದಲ್ಲಿ ತಿನ್ನುತ್ತೇನೆಂದರೆ ಅವರು ಕೇಳುತ್ತಿರಲಿಲ್ಲ. ಮಗು ಅನ್ನ ತಿನ್ನುವಷ್ಟಾದ ಮೇಲೆ ಅದಕ್ಕೊಂದು ತುತ್ತು, ನನಗೊಂದು ತುತ್ತು. ಅಮ್ಮ ಹೋದಮೇಲೆ ಯಾರೂ ನನಗೆ ಹಾಗೆ ತಿನ್ನಿಸಿರಲಿಲ್ಲ. ನನಗಾಗ ಮೂವತ್ತು ಹತ್ತಿರ, ತುರ್ಭೆಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವಳು. ನಾಚಿಕೆಯಾಗುತ್ತಿತ್ತು, ಬಾಯಿ ಮಾತ್ರ ತೆರೆಯುತ್ತಿದ್ದೆ.

ರಜೆ ಮುಗಿದು ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲೆ ಇನ್ನೊಂದು ಫಜೀತಿ. ಗರ್ದಿಯ ಲೋಕಲ್‌ನಲ್ಲಿ ಠಾಣೆ ಸ್ಟೇಷನ್ನಿನವರೆಗೆ ನಿಂತು, ಅಲ್ಲಿ ವಾಶಿ ಗಾಡಿಗೆ ಬದಲಾಯಿಸಬೇಕು. ಲೇಡೀಸ್ ಡಬ್ಬಿಯಲ್ಲಿ ನಾನು ಹಿಡಿಕೆ ಹಿಡಿದರೆ ಪಕ್ಕದ ಕೈ ಮೆಲ್ಲಗೆ ಜರುಗುತ್ತಿತ್ತು. ಇದು ಅಂಟುವ ರೋಗವಲ್ಲ ಎಂದು ಎಷ್ಟು ಜನರಿಗೆ ಹೇಳಲಿ? ಮನೆಗೆ ಬಂದು ಅತ್ತೆಗೆ ಹೇಳಿಕೊಂಡರೆ, ಹಾಗಾದರೆ ಗರ್ದಿಯಲ್ಲಿ ನಿನಗೊಬ್ಬಳಿಗೇ ನಿಲ್ಲಲು ಜಾಗ ಸಿಕ್ಕಿತಲ್ಲ ಎಂದು ನಗಿಸಿಬಿಡುತ್ತಿದ್ದರು. ನಗಿಸುತ್ತಲೇ ಕೈ ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು.

ಮೂರು ತಿಂಗಳು ಆರಾಯಿತು. ಇವರು, ನನ್ನ ಗಂಡ, ತಮ್ಮ ಅಮ್ಮನಿಗೆ ಟಿಕೆಟ್ ಮಾಡಿಸಿಕೊಂಡು ಬಂದರು. ಆ ವಾರವೇ ಆರುತ್ತ ಬಂದಿದ್ದ ನನ್ನ ಕೈ ಮತ್ತೆ ಒಡೆದು ರಕ್ತ ಕಂಡಿತು. ಅತ್ತೆ ತಾವೇ ಟಿಕೆಟ್ ವಾಪಸ್ ಮಾಡಿಸಿದರು. ಇನ್ನಾರು ತಿಂಗಳಿಗೆ ಮತ್ತೊಂದು ಟಿಕೆಟ್, ಮತ್ತೆ ಅದೇ ಕಥೆ. ಮೂರನೆಯ ಸಲಕ್ಕೆ ಇವರು, "ನಿನ್ನ ಕೈಗೆ ರೈಲ್ವೆ ಟೈಮ್‌ಟೇಬಲ್ ಬಾಯಿಪಾಠ ಆಗಿದೆ," ಎಂದು ತಮಾಷೆ ಮಾಡಿದರು. ನಾನೂ ನಕ್ಕೆ.

ದೇವರಾಣೆಗೂ ನಾನು ಬೇಕೆಂದು ಏನನ್ನೂ ಮಾಡಿದವಳಲ್ಲ. ಕದ್ದು ಸೋಪು ಮುಟ್ಟಲಿಲ್ಲ, ಮುಲಾಮು ತಪ್ಪಿಸಲಿಲ್ಲ. ಆದರೆ ಟಿಕೆಟ್ ಕಣ್ಣಿಗೆ ಬಿದ್ದ ಕ್ಷಣದಿಂದ ಒಂದು ಹೆದರಿಕೆ ಶುರುವಾಗುತ್ತಿತ್ತು. ಮಗುವನ್ನು ಯಾರು ನೋಡುತ್ತಾರೆ, ಕೆಲಸ ಬಿಡಬೇಕೇ, ಬಾಗಿಲು ತೆಗೆದರೆ ಯಾರ ಮುಖ ನೋಡಲಿ… ಬೆಳಗಾಗುವಷ್ಟರಲ್ಲಿ ಬೆರಳು ಕೆರೆಯುತ್ತಿದ್ದವು.

ಆ ಮೂರನೆಯ ಸಲ ಅತ್ತೆ ನನ್ನನ್ನು ಮತ್ತೆ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಅವರು ಕೈ ನೋಡಿ, ಮನೆಯಲ್ಲಿ ಎಲ್ಲ ಸರಿಯಾಗೇ ನೋಡಿಕೊಂಡಿದ್ದೀರಿ, ಆದರೆ ಮನಸ್ಸಿಗೆ ಚಿಂತೆ ಹತ್ತಿದರೂ ಇದು ಕೆರಳುತ್ತದೆ, "ಟೆನ್ಶನ್ ಕಮೀ ಕರಾ," ಎಂದರು. ಅಷ್ಟು ಮರಾಠಿ ಅತ್ತೆಗೆ ಆಗಲೇ ಅರ್ಥವಾಗುತ್ತಿತ್ತು. ವಾಪಸು ರಿಕ್ಷಾದಲ್ಲಿ ಬರುವಾಗ ಅವರು ಕೇಳಿದರು:

"ನಿನಗೇನಮ್ಮ ಅಷ್ಟು ಯೋಚನೆ?"

"ಏನಿಲ್ಲ ಅತ್ತೆ."

ಅವರು ನನ್ನ ಮುಖ ನೋಡಲಿಲ್ಲ, ಹೊರಗೆ ನೋಡುತ್ತ ಕೂತರು. ಮನೆಗೆ ಬಂದಮೇಲೆ ಮಗನಿಗೆ, ಇನ್ನು ತಾವಾಗಿ ಹೇಳುವತನಕ ಟಿಕೆಟ್ಟಿನ ಮಾತೆತ್ತಬೇಡ ಎಂದುಬಿಟ್ಟರು. ಅವರಿಗೆ ಗೊತ್ತಾಗಿತ್ತು. ಅವರಿಗೆ ಗೊತ್ತಾಯಿತೆಂದು ನನಗೂ ಗೊತ್ತಾಗಿತ್ತು. ಹೋಗಿ ಬನ್ನಿ ಅತ್ತೆ, ನಾನು ಹೇಗೋ ನೋಡಿಕೊಳ್ಳುತ್ತೇನೆ ಎಂಬ ಒಂದು ಮಾತು ನನ್ನ ಬಾಯಿಂದ ಬರಬೇಕಾಗಿತ್ತು, ಬರಲಿಲ್ಲ. ಹದಿನೈದು ದಿನದಲ್ಲಿ ಕೈ ಮೆತ್ತಗಾಯಿತು.

ಸಂಜೆ ಅಕ್ಕತಂಗಿಯರು ಫೋನಿನಲ್ಲಿ ಮಾತಾಡುವುದು ನಿತ್ಯದ ರೂಢಿ. ಇವಳ ಕೈ ಇನ್ನೂ ಪೂರ್ತಿ ವಾಸಿ ಆಗಿಲ್ಲ ಎಂದು ಅತ್ತೆ ಹೇಳುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಅಕ್ಕನ ದನಿ ಜೋರು, ಅದೂ ಕೇಳಿಸುತ್ತಿತ್ತು. ಒಮ್ಮೆ ಅವರು, "ಯಾವಾಗ ಆಗುತ್ತೆ ಅಂತ ಆ ಕೈಯನ್ನೇ ಕೇಳಿ ಹೇಳೇ," ಎಂದರು. ಅತ್ತೆ ನಕ್ಕು ಬೇರೆ ಮಾತು ತೆಗೆದರು. ಕೆಳಗಿನ ಮನೆಯ ಉಡುಪಿ ಕಡೆಯ ಹೆಂಗಸಂತೂ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, "ನಿಮ್ಮ ಬಾಣಂತನ ಇನ್ನೂ ಮುಗೀಲಿಲ್ವಾ ಮಾರಾಯ್ರೆ?" ಎಂದು ಕೇಳುತ್ತಿದ್ದರು.

ಹೀಗೆ ಮೂರು ವರ್ಷ ಕಳೆಯಿತು. ಅಷ್ಟರಲ್ಲಿ ಸಂಜೆಯ ಫೋನು ಯಾವಾಗ ಬದಲಾಯಿತೋ ನನಗೆ ಸರಿಯಾಗಿ ನೆನಪಿಲ್ಲ… ಅಕ್ಕ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳತೊಡಗಿದ್ದರು. ವಯಸ್ಸಾಯಿತು ಎಂದು ಇವರು ಹಗುರಾಗಿ ತೆಗೆದುಕೊಂಡರು. ಒಂದು ದಿನ ಅಕ್ಕ, ಅಮ್ಮ ಎಲ್ಲಿ, ಇನ್ನೂ ಊಟಕ್ಕೆ ಬಂದಿಲ್ಲವಲ್ಲ ಎಂದು ಕೇಳಿದರಂತೆ. ಅವರ ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅತ್ತೆ ಫೋನಿಟ್ಟು ಎದ್ದು ಬಂದು, ಎಂದಿನಂತೆ ನನ್ನ ಕೈ ತಿರುಗಿಸಿ ನೋಡಿದರು. ಅವತ್ತು ನನ್ನ ಕೈ ಚೆನ್ನಾಗೇ ಇತ್ತು. ಮರುದಿನ ಅವರು ಟಿಕೆಟ್ ಮಾಡಿಸು ಎಂದು ತಾವಾಗಿಯೇ ಮಗನಿಗೆ ಹೇಳಿದರು. ಅದರ ಮರುದಿನ ನನ್ನ ಎರಡೂ ಅಂಗೈ ಹಿಂದೆಂದೂ ಇಲ್ಲದಷ್ಟು ಒಡೆದವು.

ಅವರು ಹೋಗಲಿಲ್ಲ. ಸ್ವಲ್ಪ ಇಳಿಯಲಿ, ಒಂದು ತಿಂಗಳಲ್ಲಿ ಹೊರಡುತ್ತೇನೆ ಎಂದರು. ಒಂದು ತಿಂಗಳು ನಾಲ್ಕಾಯಿತು. ಕೊನೆಗೆ ಮೈಸೂರಿನಿಂದ ಮನೆಯ ಮಾಲೀಕರು ಫೋನು ಮಾಡಿದರು: ಅಕ್ಕ ತರಕಾರಿಗೆಂದು ಹೋದವರು ಮನೆಗೆ ದಾರಿ ಗೊತ್ತಾಗದೆ ಮಧ್ಯಾಹ್ನದವರೆಗೂ ಯಾರದೋ ಜಗಲಿಯ ಮೇಲೆ ಕೂತಿದ್ದರಂತೆ.

ಆಗ ಅತ್ತೆ ನನ್ನ ಕೈ ನೋಡಲಿಲ್ಲ. ತತ್ಕಾಲ್‌ನಲ್ಲಿ ಟಿಕೆಟ್ ತೆಗೆಸಿ ಹೊರಟರು. ಕಲ್ಯಾಣ ಸ್ಟೇಷನ್ನಿನಲ್ಲಿ ಬೆಂಗಳೂರು ಗಾಡಿ ಬರುವತನಕ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಗಾಡಿ ಬಂದಾಗ, ನನ್ನ ಅಂಗೈಗೆ ಸುತ್ತಿದ ಬಟ್ಟೆಗೆ ತಾಗದಂತೆ ಮಣಿಕಟ್ಟು ಹಿಡಿದುಕೊಂಡು, ನೀರು ಮುಟ್ಟಬೇಡ, ಬೇಗ ಬಂದುಬಿಡುತ್ತೇನೆ ಎಂದರು. ನಾನು ಹೂಂ ಎಂದೆ.

ಮಗಳನ್ನು ಪಕ್ಕದ ಗಲ್ಲಿಯ ಪಾಳಣಾಘರ್‌ಗೆ, ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಮನೆಗೆ, ಬಿಟ್ಟೆವು. ಮೊದಲ ದಿನ ಅತ್ತಳು, ಎರಡನೆಯ ದಿನ ಆಡಿದಳು, ವಾರದಲ್ಲಿ ಅಲ್ಲಿಯ ಮರಾಠಿ ಹಾಡು ಹೇಳುತ್ತ ಮನೆಗೆ ಬಂದಳು. ಬೆಳಿಗ್ಗೆ ಬರುವ ಕೆಲಸದ ಬಾಯಿಯನ್ನು ಸಂಜೆಯೂ ಬರುವಂತೆ ಒಪ್ಪಿಸಿದೆವು. ಇಷ್ಟೇ. ಮೂರು ವರ್ಷ ನನ್ನ ನಿದ್ದೆ ಕೆಡಿಸಿದ್ದು ಇಷ್ಟೇ ಆಗಿತ್ತು. ಹೆದರಿದ್ದು ಆಗಿಹೋದ ಮೇಲೆ ಇನ್ನು ಹೆದರಲು ಏನೂ ಉಳಿಯಲಿಲ್ಲವೋ ಏನೋ, ಬಿರುಕುಗಳು ಒಂದೊಂದಾಗಿ ಕೂಡಿಕೊಂಡವು. ಗುಲಾಬಿ ಬಣ್ಣದ ಹೊಸ ಚರ್ಮ ಬಂತು. ನನ್ನ ಕೈಯನ್ನು ಕಂಡರೆ ನನಗೇ ಸಿಟ್ಟು ಬರುತ್ತಿತ್ತು.

ಅತ್ತೆಯ ಫೋನು ಬಂದದ್ದು ಆ ದಿನಗಳಲ್ಲೇ. ಅವರಿಗೆ ಮಾತಿಗೆ ಮೊದಲು ನಗುವ ಅಭ್ಯಾಸ, ಅವತ್ತು ನಗಲಿಲ್ಲ.

"ಅಕ್ಕನಿಗೆ ನನ್ನ ಗುರುತೇ ಸಿಗ್ತಿಲ್ಲ ಕಣಮ್ಮ. ಹೊಸಾ ಅಡುಗೆಯವಳು ಅಂದ್ಕೊಂಡಿದಾಳೆ. ನನ್ನ ತಂಗಿ ಡೊಂಬಿವಲೀಲಿದಾಳೆ, ಬರ್ತಾಳೆ, ಅಲ್ಲೀವರೆಗೂ ಇರು ಅಂತಾಳೆ."

ಮರುಕ್ಷಣ ಅವರೇ ಕೇಳಿದರು:

"ನಿನ್ನ ಕೈ ಹೇಗಿದೆ?"

ವಾಸಿಯಾಗಿದೆ ಎಂದರೆ, ಅಷ್ಟು ದಿನ ನೀವು ಇಲ್ಲಿ ಕೂತಿದ್ದು ದಂಡ ಎಂದಂತೆ. ಇಲ್ಲ ಎಂದರೆ ಅವರು ಅಕ್ಕನನ್ನು ಅಲ್ಲೇ ಬಿಟ್ಟು ಹೊರಟು ಬಂದಾರು. ಫೋನು ಹಿಡಿದಿದ್ದ ಬೆರಳುಗಳು ನಯವಾಗಿದ್ದವು.

"ವಾಸಿ ಆಗಿದೆ ಅತ್ತೆ. ಪೂರ್ತಿ."

"ಸದ್ಯ, ಅಷ್ಟಾಯ್ತಲ್ಲ. ಹಾಗಾದ್ರೆ ನಾನು ಇಲ್ಲೇ ಇರ್ತೀನಿ," ಎಂದರು. ಆ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವರು ಅಲ್ಲೇ ಉಳಿದರು. ತಂಗಿಯ ದಾರಿ ಕಾಯುತ್ತಿದ್ದ ಅಕ್ಕನಿಗೆ ವರ್ಷಗಟ್ಟಲೆ ಅಡುಗೆಯವಳಾಗಿ ಬೇಯಿಸಿ ಹಾಕಿದರು. ನಾವು ರಜೆಯಲ್ಲಿ ಹೋದಾಗಲೆಲ್ಲ ಬಾಗಿಲಲ್ಲೇ ನನ್ನ ಕೈ ತಿರುಗಿಸಿ ನೋಡಿ ಒಳಗೆ ಕರೆಯುತ್ತಿದ್ದರು. ಕ್ಷಮಿಸಿ ಅತ್ತೆ ಎಂದು ಹೇಳಲು ಪ್ರತಿಸಲವೂ ಬಾಯಿ ತೆರೆಯುತ್ತಿದ್ದೆ. ಅವರು ಕಾಫಿಗೆ ನೀರಿಡಲು ಹೋಗಿಬಿಡುತ್ತಿದ್ದರು. ಕೊನೆಗೆ ಒಂದು ದಿನ ಎದೆನೋವೆಂದು ಮಲಗಿದವರು ಏಳಲಿಲ್ಲ, ಅಕ್ಕನಿಗಿಂತ ಮೊದಲೇ ಹೋದರು. ನಾವು ತಲುಪಿದಾಗ ಮನೆ ತುಂಬ ಜನ. ಅಕ್ಕ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಹತ್ತಿರ ಕರೆದು, ಅಡುಗೆಯವಳು ಬೆಳಗಿನಿಂದ ಕಾಣುತ್ತಿಲ್ಲ, ನನ್ನ ತಂಗಿ ಇವತ್ತು ಬರುತ್ತಾಳೆ, ಊಟಕ್ಕೆ ಏನು ಗತಿ ಎಂದು ಕೇಳಿದರು. ನಾನು ಒಳಗೆ ಹೋಗಿ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಅತ್ತುಬಿಟ್ಟೆ.

ಈಗ ಅಕ್ಕನೂ ಇಲ್ಲ. ಮಗಳು ಹನ್ನೆರಡನೇ ಕ್ಲಾಸು ಮುಗಿಸಿದ್ದಾಳೆ. ಪುಣೆಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲ್ ಗೊತ್ತಾಗಿದೆ, ಈ ಭಾನುವಾರ ಹೊರಡುತ್ತಾಳೆ. ಅಜ್ಜಿಯ ತುತ್ತು ಅವಳಿಗೆ ನೆನಪಿಲ್ಲ. ನನಗಿದೆ, ಅದರ ರುಚಿ ನೆನಪಿರುವವರು ಮನೆಯಲ್ಲಿ ಇನ್ನೊಬ್ಬರಿಲ್ಲ.

ಹೋದ ವಾರ ಅವಳ ಬಸ್ಸಿನ ಟಿಕೆಟ್ ಮೊಬೈಲಿಗೆ ಬಂತು. ಮೂರು ದಿನದಿಂದ ನನ್ನ ಬೆರಳ ಸಂದಿ ಕೆರೆಯುತ್ತಿದೆ. ನಿನ್ನೆ ಬಲಗೈಯಲ್ಲಿ ಸಣ್ಣ ಬಿರುಕು ಕಂಡಿತು. ಬ್ಯಾಗು ತುಂಬುತ್ತಿದ್ದ ಮಗಳು ತಲೆಯೆತ್ತಿ, "ಮಮ್ಮಿ, ಹಾಥ್ ಕೋ ಕ್ಯಾ ಹುವಾ? ಮೈ ರುಕ್ ಜಾವೂಂ ದೋ ದಿನ್?" ಎಂದಳು, ಕೈಗೇನಾಯಿತು, ಎರಡು ದಿನ ಹೋಗದೆ ಇಲ್ಲೇ ಇರಲೇ ಎಂದು.

ನಾನು ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡೆ.

"ಏನೂ ಆಗಿಲ್ಲ. ನೀನು ಹೋಗಿ ಬಾ," ಎಂದೆ.