ಓಣಿಯ ಹಾಸು ಎಬ್ಬಿಸುವ ರಸೂಲಬಿ

ಗಜೇಂದ್ರಗಡದ ನೇಕಾರರ ಓಣಿಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಓಣಿಯ ಈ ತುದಿಯಿಂದ ಆ ತುದಿಗೆ ಬಿದಿರ ಗಳಗಳ ಮೇಲೆ ಸೀರೆಯ ಹಾಸು, ಅಂದರೆ ಮಗ್ಗಕ್ಕೆ ಏರಬೇಕಾದ ಉದ್ದೆಳೆಗಳು, ಬಿಗಿದು ನಿಂತಿದೆ, ಉದ್ದಕ್ಕೆ ನೂಲೋ ನೂಲು. ಪಕ್ಕದ ಒಲೆಯ ಮೇಲೆ ನೂಲಿಗೆ ಹಚ್ಚುವ ಗಂಜಿ ಕುದಿಯುತ್ತಿದೆ. ರಸೂಲಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗುಡ್ಡದ ಕಡೆ ಮುಖವೆತ್ತಿ ಗಾಳಿ ನೋಡುತ್ತಾರೆ. ಆಮೇಲೆ ಒಂದೇ ಕೂಗು: "ಹಾಸು ಎದ್ದೈತಿ, ಬರ್ರ್ಯೋ!"

ಆ ದನಿಗೆ ಪಕ್ಕದ ಓಣಿಯ ನಾಯಿಗಳೂ ಏಳುತ್ತವೆ. ಬಾಗಿಲುಗಳು ತೆರೆಯುತ್ತವೆ, ಹಲ್ಲುಜ್ಜುತ್ತಿದ್ದವರು ಬಾಯಿ ಮುಕ್ಕಳಿಸಿ ಓಡಿಬರುತ್ತಾರೆ. ಕೆಲವರು ತುದಿ ಹಿಡಿದು ಜಗ್ಗುತ್ತಾರೆ, ಕೆಲವರು ಹರಿದ ಎಳೆಗೆ ಗಂಟು ಹಾಕುತ್ತಾರೆ. ರಸೂಲಬಿ ದೊಡ್ಡ ಕುಂಚವನ್ನು ಗಂಜಿಯಲ್ಲಿ ಅದ್ದಿ ಹಾಸಿನ ಮೇಲೆ ಎಳೆಯುತ್ತ ನಡೆಯುತ್ತಾರೆ. ಬಿಸಿಲು ಏರುವುದರೊಳಗೆ ಇದು ಮುಗಿಯಬೇಕು. ಬೇಗ ಒಣಗಿತೋ, ಎಳೆಗೆ ಎಳೆ ಅಂಟಿ ಮಗ್ಗಕ್ಕೆ ಏರುವ ಮೊದಲೇ ಸೀರೆಯ ಕಥೆ ಮುಗಿಯಿತು. ಗಾಳಿ ಎದ್ದರೂ ಅಷ್ಟೇ, ಹನಿ ಬಿದ್ದರೂ ಅಷ್ಟೇ.

ಅರವತ್ತು ದಾಟಿದ ರಸೂಲಬಿಯ ಮನೆಯಲ್ಲಿ ಮಗ್ಗವಿಲ್ಲ. ಬೆಳವಣಕಿಯಿಂದ ಮದುವೆಯಾಗಿ ಬಂದವರು. ಗಂಡ ಮೌಲಾಸಾಬ ಈ ಓಣಿಯ ನೇಕಾರರಿಗೆ ಗಂಜಿ ಹಚ್ಚಿಕೊಡುತ್ತಿದ್ದರು. ಮಗ ದಿಲಾವರ ಇನ್ನೂ ಮೊಲೆ ಬಿಟ್ಟಿರಲಿಲ್ಲ, ಗಂಡ ತೀರಿಕೊಂಡರು. ರಸೂಲಬಿ ಕುಂಚ ಹಿಡಿದರು. ಹೆಂಗಸು ಹಚ್ಚಿದರೆ ಹಾಸು ಕೆಡುತ್ತದೆ ಎಂದು ಓಣಿ ಮೂಗು ಮುರಿಯಿತು. ಆಗ ತನ್ನ ಹಾಸು ತಂದು ಮುಂದಿಟ್ಟವರು ಎದುರು ಮನೆಯ ನೇಕಾರ್ತಿ ಕಲ್ಲವ್ವ. ಅಂದಿನಿಂದ ಇಬ್ಬರೂ ಗೆಳತಿಯರು, ಅಂದಿನಿಂದಲೇ ಇಬ್ಬರ ಜಗಳವೂ ಶುರು.

ಈಗಿನ ಜಗಳ ಇದು. ಯಂತ್ರಮಗ್ಗದ ಅಗ್ಗದ ಸೀರೆ ಬಂದ ಮೇಲೆ ಸುತ್ತಲಿನ ಓಣಿಗಳಲ್ಲಿ ಮಗ್ಗಗಳು ಬಿಚ್ಚಿ ಅಟ್ಟ ಸೇರಿದವು. ಈ ಓಣಿಯಲ್ಲಿ ಮಾತ್ರ ಇವತ್ತಿಗೂ ಸದ್ದು ನಿಂತಿಲ್ಲ. ಯಾರಿಂದ? ಇಂಥ ಪ್ರಶ್ನೆಗೆ "ನಂದೇನೈತ್ರಿ" ಎಂಬ ವಿನಯದ ಉತ್ತರ ಸಿಗುತ್ತದೆ ಎಂದು, ಇವರ ಬಗ್ಗೆ ಬರೆಯಲು ಬಂದಿದ್ದ ನಾನು ಪೆನ್ನು ಹಿಡಿದು ಕೂತಿದ್ದೆ. ರಸೂಲಬಿ ನನ್ನ ಲೆಕ್ಕವನ್ನೇ ತಪ್ಪಿಸಿದರು.

"ನನ್ನಿಂದ್ರಿ ಸರ. ಸುಳ್ಳ ಯಾಕ ಹೇಳ್ಲಿ? ಎಲ್ಲಾರೂ ನಾಳಿ ನೋಡೂಣು ಅಂತ ಹೊಚಗೊಂಡು ಮಲಗಿದ್ರು. ನಾ ಒದರಿ ಎಬ್ಬಿಸಿದೆ."

ಚಹಾ ತಂದ ಕಲ್ಲವ್ವ ಬಸಿ ಕೆಳಗಿಡುವ ಮೊದಲೇ ಉತ್ತರ ಕೊಟ್ಟರು. "ನಾವು ಏಳಲಿಲ್ಲಂದ್ರ ಯಾರನ್ನ ಎಬ್ಬಿಸ್ತಿದ್ದಿ? ಗ್ವಾಡಿ ಎಬ್ಬಿಸ್ತಿದ್ದೇನ?"

ನಾನು ನರಗುಂದದವನು, ನನಗೆ ಇದು ಹೊಸದಲ್ಲ. ಶಾಲೆಯಲ್ಲಿ ಬ್ರಿಟಿಷರ ಮೇಲೆ ಎದ್ದ ಒಬ್ಬ ಅರಸನ ಹೆಸರನ್ನು ಬಾಯಿಪಾಠ ಮಾಡಿಸುತ್ತಿದ್ದರು. ರೈತ ಬಂಡಾಯದಲ್ಲಿ ನಡೆದುಬಂದಿದ್ದ ಅಪ್ಪ ಮನೆಯಲ್ಲಿ, "ಒಬ್ಬನಿಂದ ಏನೂ ಆಗೂದಿಲ್ಲೋ" ಎನ್ನುತ್ತಿದ್ದ. ಚರಿತ್ರೆ ಮಾಡುವವರು ಒಬ್ಬರೋ ನೂರು ಜನರೋ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಆದರೆ ಆ ಪ್ರಶ್ನೆಯ ಉತ್ತರದ ಮೇಲೆ ಒಬ್ಬರ ಕಣ್ಣಿನ ದೃಷ್ಟಿಯೇ ನಿಂತಿರುವುದನ್ನು ಮಾತ್ರ ಇಲ್ಲಿಯೇ ಕಂಡೆ.

ರಸೂಲಬಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎಳೆ ಹರಿದದ್ದನ್ನು ಈಗ ಬೆರಳಲ್ಲೇ ನೋಡುತ್ತಾರೆ. ಆಪರೇಷನ್ ಮಾಡಿಸಿ, ಆಮೇಲೆ ಕೆಲವು ವಾರ ಹೊಗೆ, ಧೂಳಿನಿಂದ ದೂರ ಇರಬೇಕೆಂದು ಗದಗಿನ ಡಾಕ್ಟರು ಹೇಳಿ ಎರಡು ವರ್ಷವಾಯಿತು. ರಸೂಲಬಿಯದು ಒಂದೇ ರಾಗ: "ನಾ ಹೋದ್ರ ಹಾಸು ಎಬ್ಬಸೋರು ಯಾರು?" ತಾನಿಲ್ಲದೆ ಓಣಿ ನಡೆಯುವುದಿಲ್ಲ ಎಂಬ ಅವರ ಮಾತು ಗೆದ್ದರೆ ಅವರ ಕಣ್ಣು ಹೋಗುತ್ತದೆ. ಕಲ್ಲವ್ವ ಈ ಜಗಳದಲ್ಲಿ ಸೋಲಲು ತಯಾರಿಲ್ಲದಿರುವುದು ಅದಕ್ಕೇ.

ಹೋದ ತಿಂಗಳು ಕಲ್ಲವ್ವ ಪಂದ್ಯ ಕಟ್ಟಿಯೇಬಿಟ್ಟರು. "ನಾಳಿ ನೀ ಬಾಯಿ ಬಿಡಬ್ಯಾಡ, ಕಟ್ಟಿ ಮ್ಯಾಲ ಸುಮ್ನ ಕೂಡು. ಹಾಸು ನಂದ, ಕೆಟ್ರ ನಂದ ಕೆಡ್ತೈತಿ."

ಯಾರೂ ಬಾಗಿಲು ತೆರೆಯುವುದಿಲ್ಲ ಎಂದೇ ರಸೂಲಬಿ ತಿಳಿದಿದ್ದರು. ಕರೆಯದೆಯೂ ಎಲ್ಲರೂ ಬಂದರು. ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು. ನಿಂತೇ ಇದ್ದರು. ಮೂಲೆ ಮನೆಯ ಹನುಮಂತಪ್ಪ ಕುಂಚ ಎತ್ತಿದರು, ಗಂಜಿಯಲ್ಲಿ ಅದ್ದಿದರು, ಗುಡ್ಡದ ಮೇಲಿನ ಮೋಡ ನೋಡಿ ಮತ್ತೆ ಕೆಳಗಿಟ್ಟರು. "ನೀ ಹಚ್ಚು." "ನೀ ಹಚ್ಚಪಾ." ಮೂಡಣ ಕೆಂಪಾಯಿತು, ಗಂಜಿ ಗಟ್ಟಿಯಾಗತೊಡಗಿತು. "ನಂದ ಹಾಸಂತ ಗೊತ್ತಿದ್ರೂ ನನ್ನ ಕೈ ಏಳಲಿಲ್ರಿ," ಎನ್ನುತ್ತಾರೆ ಕಲ್ಲವ್ವ. ಕೊನೆಗೆ ಕಟ್ಟೆಯ ಮೇಲಿನಿಂದ ರಸೂಲಬಿಯೇ ತಡೆಯಲಾರದೆ ಚೀರಿದರು: "ಏ ಕೈ ಸತ್ತವರ, ಹಚ್ಚ್ರೋ!" ಓಣಿ ಒಮ್ಮೆಲೇ ಕದಲಿತು. ಅಂಚಿನ ಎಳೆಗಳು ಅಂಟಿ ಹಾಳಾದವು, ಉಳಿದದ್ದು ಉಳಿಯಿತು.

ಗೆದ್ದವರು ಯಾರು ಎಂದು ಕೇಳಿದೆ. ರಸೂಲಬಿ ಹೇಳಿದರು: "ನಾ ಕರದದ್ದಕ್ಕ ಬರ್ತಾರಂತ ಇಷ್ಟು ವರ್ಷ ತಿಳದಿದ್ದೆ. ಅದು ಸುಳ್ಳಾತ್ರಿ, ಅವರು ಬರೋರ. ಆದ್ರ ಶುರು ಮಾಡಿದವರ ತಲಿ ಮ್ಯಾಲ ತಪ್ಪು ಬರ್ತೈತಿ ನೋಡ್ರಿ. ಕೆಟ್ರ ರಸೂಲಬಿ ಕೆಡಿಸಿದ್ಲು ಅಂತ ಬೈತಾರ. ನಾ ಬೈಸ್ಕೊಂತೀನಿ, ಮುಗೀತು. ಖರೇ ಅಂದ್ರ ಇದ ನನ್ನ ಕೆಲಸ."

ದೊಡ್ಡ ದೊಡ್ಡ ನಾಯಕರ ಬಗ್ಗೆ ಓದಿದ ನನಗೆ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಪಂದ್ಯದ ಆ ಮುಂಜಾನೆಯೇ ರಸೂಲಬಿ ಓಣಿಯವರನ್ನೆಲ್ಲ ಕಟ್ಟೆಯ ಮುಂದೆ ಕೂಡಿಸಿ ಒಂದು ಕರಾರು ಮಾಡಿಸಿದರು. ಇನ್ನು ಮೇಲೆ ಸರದಿಯ ಪ್ರಕಾರ ಒಬ್ಬೊಬ್ಬರು ಶುರು ಮಾಡಬೇಕು, ಕೆಟ್ಟರೆ ಯಾರೂ ಬೈಯುವಂತಿಲ್ಲ, ನೂಲಿನ ನಷ್ಟ ಎಲ್ಲರೂ ಹಂಚಿಕೊಳ್ಳಬೇಕು. ಮೊದಲ ಸರದಿಯಲ್ಲೇ ಹನುಮಂತಪ್ಪ ಗಾಳಿ ಅಂದಾಜಾಗದೆ ಒಂದು ಹಾಸು ಕೆಡಿಸಿದರು. ಓಣಿಯೆಲ್ಲ ತುಟಿ ಕಚ್ಚಿಕೊಂಡು ನಿಂತಿತು, ಯಾರೂ ಬೈಯಲಿಲ್ಲ. ಮರುವಾರ ಅವರೇ ಎದ್ದು ಮತ್ತೆ ಕುಂಚ ಹಿಡಿದರು, ಆ ಹಾಸು ಚಲೋ ಆಯಿತು. ಕಲ್ಲವ್ವನ ಸರದಿಯಲ್ಲಿ ಕೂಗು ಪಕ್ಕದ ಮನೆಗೂ ಕೇಳಲಿಲ್ಲವಂತೆ, ಆದರೂ ಜನ ಬಂದರು. ಅದನ್ನು ಕಂಡ ಮೇಲೆಯೇ ರಸೂಲಬಿ ಗದಗಿಗೆ ಹೋಗಲು ಒಪ್ಪಿದ್ದು.

ಇವತ್ತು ನಸುಕಿನಲ್ಲಿ ಕೇಳಿದ್ದು ರಸೂಲಬಿಯ ಸರದಿಯ ಕೂಗು. ಸೋಮವಾರ ಆಪರೇಷನ್, ದಿಲಾವರ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಹೋಗುತ್ತಿದ್ದಾನೆ. ಹಾಸು ಮುಗಿದು, ಕೈಗೆ ಅಂಟಿದ ಗಂಜಿ ತೊಳೆಯುತ್ತಿದ್ದ ಅವರನ್ನು ಏನಾದರೂ ಆಸೆ ಇದೆಯೇ ಎಂದು ಕೇಳಿದೆ.

"ಐತ್ರಿ. ಕಣ್ಣಿನ ಪಟ್ಟಿ ಬಿಚ್ಚಿ ಬಂದ ಮ್ಯಾಲ ಒಂದ ಮುಂಜಾನಿ ನನಗ ಎಚ್ಚರಾಗೂದ್ರಾಗ ಓಣ್ಯಾಗ ಹಾಸು ಅರ್ಧಾ ಮುಗಿದಿರಬೇಕು. ನಾ ಹೊರಗ ಬಂದು, ಒಬ್ಬೊಬ್ಬರ ಮಾರಿ ನೆಟ್ಟಗ ನೋಡಿ ಬೈಬೇಕು. ಯಾರನ್ನ ಕೇಳಿ ಶುರು ಮಾಡಿದ್ರಿ ಅಂತ!"