ಡಾಂಬರು ಡ್ರಮ್ಮಿನ ಸದಸ್ಯರು

ಅರ್ಜಿ ಬರೆಯುವ ಮೊದಲು ಅದನ್ನು ಓದುವವರು ಯಾರೆಂದು ವಿಚಾರಿಸಿಕೊಳ್ಳಿ. ಇದನ್ನು ನನಗೆ ಕಲಿಸಿದವರು ನಮ್ಮ ವಾರ್ಡಿನ ಪುರಸಭಾ ಸದಸ್ಯರು.

ಜೋಗಕ್ಕೆ ಹೊರಟ ವಿದೇಶಿಯರ ವ್ಯಾನು ಸಾಗರದ ನಮ್ಮ ಬೀದಿಯಲ್ಲಿ ನಿಂತರೆ ಮಾತ್ರ ನನ್ನ ಗಂಧದ ಕೆತ್ತನೆಯ ಅಂಗಡಿಗೆ ವ್ಯಾಪಾರ. ಚುನಾವಣೆ ಹತ್ತಿರ ಬಂದಾಗ ಈ ಸದಸ್ಯರು ಮೋರಿ ರಿಪೇರಿಯೆಂದು ಬೀದಿಗೆ ಅಡ್ಡವಾಗಿ ಡಾಂಬರಿನ ಡ್ರಮ್ಮು ಇಡಿಸಿದರು. ಕೇಳಿದರೆ ಹೆಗಲ ಮೇಲಿನ ಟವೆಲು ಕೊಡವಿ, "ಎರಡೇ ದಿನ ಮಾರಾಯ್ರೆ" ಎನ್ನುತ್ತಿದ್ದರು. ತಿಂಗಳಾಯಿತು. ವ್ಯಾನುಗಳು ಬೇರೆ ರಸ್ತೆ ಹಿಡಿದವು.

ಅಂಗಡಿಯವರೆಲ್ಲ ಸೇರಿ ಡ್ರಮ್ಮು ತೆಗೆಸಿ ಎಂದು ಅರ್ಜಿ ಬರೆದು ಸದಸ್ಯರ ಮನೆಗೇ ಒಯ್ದೆವು. ನಿಧಾನವಾಗಿ ಓದಿದರು.

"ಚಲೋ ಬರ್ದೀರಿ. ಕೊಡಿ ಪೆನ್ನು" ಎಂದು ನಮ್ಮೆಲ್ಲರ ಹೆಸರಿಗಿಂತ ಮೇಲೆ ತಾವೇ ರುಜು ಹಾಕಿದರು.

"ಇದನ್ನೀಗ ಯಾರಿಗೆ ಕೊಡೋದು?" ಎಂದೆ.

"ನಂಗೇ ಕೊಡಿ" ಎಂದು ಟವೆಲು ಕೊಡವಿದರು. "ಎರಡೇ ದಿನ."